ಕೈ ಜುಮ್ಮೆಂದರೆ ಮನೆ ದೂರು ಹೇಳುತ್ತಿದೆ

ಒಬ್ಬರಿಗಾದರೂ ಕರೆಂಟ್ ಹೊಡೆಯದ ಮನೆ ನಮ್ಮಲ್ಲಿ ಸಿಗುವುದು ಕಷ್ಟ. ನಾಲ್ಕು ಜನ ಕೂತಲ್ಲಿ ಈ ಮಾತು ಎದ್ದರೆ ಸಾಕು. ಒಬ್ಬರಿಗೆ ಗ್ರೈಂಡರ್ ತೊಳೆಯುವಾಗ ಹೊಡೆದದ್ದು, ಇನ್ನೊಬ್ಬರಿಗೆ ಮಳೆಗಾಲದಲ್ಲಿ ಸ್ವಿಚ್ ಬೋರ್ಡ್ ಮುಟ್ಟಿ ಕೈ ಜುಮ್ಮೆಂದದ್ದು, ಮತ್ತೊಬ್ಬರಿಗೆ ಬಟ್ಟೆ ಒಣಹಾಕುವ ತಂತಿಯಲ್ಲಿ ಶಾಕ್ ಬಂದದ್ದು ನೆನಪಾಗುತ್ತದೆ. ಈ ಅನುಭವ ಹೇಳುವುದಕ್ಕೆ ನಮ್ಮ ಆಡುಮಾತಿನಲ್ಲಿ ಎರಡು ಕ್ರಿಯಾಪದಗಳಿವೆ. ‘ಕರೆಂಟ್ ಹೊಡೀತು’ ಎನ್ನುವುದು ಒಂದು, ‘ಕರೆಂಟ್ ಹಿಡ್ಕೊಂಡ್‌ಬಿಡ್ತು’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಅನುಭವಿಸಿದವರೇ. ಎರಡನೆಯದನ್ನು ಹೇಳುವವರು ಹೆಚ್ಚಾಗಿ ಪಕ್ಕದಲ್ಲಿದ್ದವರು, ಏಕೆಂದರೆ ಹಿಡಿಸಿಕೊಂಡವರು ಅನೇಕ ಸಲ ಹೇಳಲು ಉಳಿದಿರುವುದಿಲ್ಲ. ಹೊಡೆದದ್ದನ್ನು ನಗುತ್ತಾ ಹೇಳಿಕೊಳ್ಳುತ್ತೇವೆ, ಹಿಡಿದದ್ದನ್ನು ಪೇಪರಿನಲ್ಲಿ ಓದುತ್ತೇವೆ. ಇವೆರಡೂ ಬೇರೆ ಬೇರೆ ಸಂಗತಿಗಳು, ಒಂದು ‘ಸಣ್ಣ ಶಾಕ್’, ಇನ್ನೊಂದು ಅಪಘಾತ ಎಂದು ನಂಬಿಕೊಂಡಿದ್ದೇವೆ. ಆ ನಂಬಿಕೆ ತಪ್ಪು ಎನ್ನುವುದೇ ಈ ಬರಹದ ವಾದ. ಹೊಡೆಯುವುದೂ ಹಿಡಿಯುವುದೂ ಒಂದೇ ತಂತಿ, ಒಂದೇ ಕರೆಂಟ್. ನಡುವೆ ಇರುವ ವ್ಯತ್ಯಾಸ ಒಂದು ಒದ್ದೆ ಅಂಗೈಯಷ್ಟು. ಹಾಗಾಗಿ ಕೈ ಜುಮ್ಮೆಂದರೆ ಅದನ್ನು ಅನುಭವವೆಂದು ಮರೆಯದೆ, ಮನೆ ಹೇಳುತ್ತಿರುವ ದೂರು ಎಂದು ತಿಳಿದು ಅವತ್ತೇ ಕಿವಿಗೊಡಬೇಕು.

ಶಾಕ್ ಹೊಡೆಸಿಕೊಂಡು ಅದನ್ನು ಬರೆದಿಟ್ಟವರ ಸಾಲು ಹಳೆಯದು. ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಮುಸ್ಶೆನ್‌ಬ್ರೂಕ್ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಶೇಖರಿಸಲು ಹೋಗಿ ಹೊಡೆಸಿಕೊಂಡ ಏಟನ್ನು 1746ರಲ್ಲಿ ಪ್ಯಾರಿಸ್‌ನ ಸ್ನೇಹಿತನಿಗೆ ಪತ್ರದಲ್ಲಿ ವಿವರಿಸಿ, ಈ ಪ್ರಯೋಗವನ್ನು ನೀನು ಮಾತ್ರ ಮಾಡಬೇಡ ಎಂದು ಎಚ್ಚರಿಸಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1750ರ ಡಿಸೆಂಬರಿನಲ್ಲಿ ಅಂಥದೇ ಎರಡು ದೊಡ್ಡ ಜಾಡಿಗಳಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಲು ಹೋಗಿ, ಮೈಮರೆತು ತಾನೇ ಅದರ ದಾರಿಗೆ ಸಿಕ್ಕಿಬಿದ್ದ. ದೊಡ್ಡ ಬೆಳಕು ಹೊಳೆಯಿತು, ಪಿಸ್ತೂಲು ಹಾರಿಸಿದಂಥ ಸದ್ದಾಯಿತು ಎಂದು ಸುತ್ತಲಿದ್ದವರು ಹೇಳಿದರು. ಅವನಿಗೆ ಮಾತ್ರ ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ತಲೆಯಿಂದ ಕಾಲಿನವರೆಗೆ ಇಡೀ ಮೈಗೆ ಒಟ್ಟಿಗೆ ಬಿದ್ದ ಏಟಿನಂತೆ ಅದು ಅವನಿಗೆ ತೋರಿತು. ಇಬ್ಬರೂ ಬದುಕಿದರು. ಜಾಡಿಯೊಳಗಿನ ವಿದ್ಯುತ್ತು ಕ್ಷಣದಲ್ಲಿ ಖಾಲಿಯಾಗುವಂಥದ್ದು, ಒಮ್ಮೆ ಹೊಡೆದು ಮುಗಿಯುವಂಥದ್ದು. ಚಳಿಗಾಲದಲ್ಲಿ ಕಾರಿನ ಬಾಗಿಲು ಮುಟ್ಟಿದಾಗ ಚುರುಕ್ಕೆನ್ನುವುದೂ ಈ ಜಾತಿಯದೇ. ಮನೆಯ ಕರೆಂಟ್ ಹಾಗಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದಾಗ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದಾಗ ನಮ್ಮ ನಾಡಿಗೆ ಬಂದದ್ದು ಖಾಲಿಯಾಗದ ವಿದ್ಯುತ್ತು. ಅದು ಹೊಡೆದು ಸುಮ್ಮನಾಗುವುದಿಲ್ಲ. ದಾರಿ ತೆರೆದಿರುವಷ್ಟು ಹೊತ್ತೂ ಹರಿಯುತ್ತಲೇ ಇರುತ್ತದೆ.

ಹರಿಯುವ ಕರೆಂಟ್ ಮೈಯನ್ನು ಏನು ಮಾಡುತ್ತದೆ ಎನ್ನುವುದನ್ನು ಊಹೆಗೆ ಬಿಡದೆ ಅಳೆದು ನೋಡಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್. ಕಳೆದ ಶತಮಾನದ ನಡುಭಾಗದಲ್ಲಿ ಅವರು ಒಪ್ಪಿ ಮುಂದೆ ಬಂದ ಆರೋಗ್ಯವಂತರ ಕೈಗೆ ತಂತಿ ಕೊಟ್ಟು, ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ, ಯಾವ ಹಂತದವರೆಗೆ ಅವರು ಸ್ವಂತ ಶಕ್ತಿಯಿಂದ ಕೈ ಬಿಡಿಸಿಕೊಳ್ಳಬಲ್ಲರು ಎಂದು ಪರೀಕ್ಷಿಸಿದರು. ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಸಿಗುವುದು ಒಂದು ಮಿಲಿಆಂಪ್. ಸುಮಾರು ಒಂದು ಮಿಲಿಆಂಪ್ ಹರಿದರೆ ಚುಮುಚುಮು ಎನ್ನುತ್ತದೆ. ಸರಾಸರಿಯಾಗಿ ಗಂಡಸರಿಗೆ 16, ಹೆಂಗಸರಿಗೆ ಹತ್ತೂವರೆ ಮಿಲಿಆಂಪ್ ದಾಟುತ್ತಿದ್ದಂತೆ ಕೈ ಬಿಡಲಾಗಲಿಲ್ಲ. ಕೈಯನ್ನು ಮುಚ್ಚುವ ಸ್ನಾಯುಗಳು ತೆರೆಯುವ ಸ್ನಾಯುಗಳಿಗಿಂತ ಬಲವಾದವು. ಕರೆಂಟ್ ಎರಡನ್ನೂ ಒಟ್ಟಿಗೆ ಬಿಗಿದಾಗ ಬಲವಾದದ್ದೇ ಗೆದ್ದು ಮುಷ್ಟಿ ಇನ್ನಷ್ಟು ಬಿಗಿಯುತ್ತದೆ. ‘ಹಿಡ್ಕೊಂಡ್‌ಬಿಡ್ತು’ ಎಂಬ ನಮ್ಮ ಮಾತಿನ ಒಳಗಿನ ಸತ್ಯ ಇದು. ತಂತಿ ಮನುಷ್ಯನನ್ನು ಹಿಡಿಯುವುದಿಲ್ಲ, ಮನುಷ್ಯನ ಕೈಯೇ ಅವನ ಮಾತು ಕೇಳದೆ ತಂತಿಯನ್ನು ಹಿಡಿಯುತ್ತದೆ. ಕರೆಂಟ್ ಇನ್ನೂ ಏರಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರು ಕಟ್ಟುತ್ತದೆ. ಕೈಯಿಂದ ಕಾಲಿಗೆ 50 ಮಿಲಿಆಂಪ್‌ಗೂ ಮೀರಿ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹರಿದರೆ ಹೃದಯ ಲಯ ತಪ್ಪಿ, ರಕ್ತ ಒತ್ತುವುದನ್ನು ಬಿಟ್ಟು ಬರೀ ಅದುರತೊಡಗಬಹುದು. ಅದು ಸಾವಿನ ಬಾಗಿಲು. ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬ್ ಉರಿಯಲು ಸುಮಾರು 40 ಮಿಲಿಆಂಪ್ ಬೇಕು. ಒಂದು ಸಣ್ಣ ಬಲ್ಬಿಗೆ ಸಾಕಾಗುವಷ್ಟು ಕರೆಂಟ್ ಮನುಷ್ಯನ ಕೈಯನ್ನು ಕಟ್ಟಿಹಾಕಲು ಸಾಕು ಎಂದಾಯಿತು.

ಹಾಗಾದರೆ 230 ವೋಲ್ಟಿನ ಮನೆಯಲ್ಲಿ ಒಬ್ಬರಿಗೆ ಬರೀ ಜುಮ್ಮೆನ್ನುವುದು, ಇನ್ನೊಬ್ಬರ ಜೀವ ಹೋಗುವುದು ಏಕೆ? ಉತ್ತರ ಎಲೆಕ್ಟ್ರಿಷಿಯನ್ ಜೇಬಿನಲ್ಲಿರುವ ಟೆಸ್ಟರ್‌ನಲ್ಲಿದೆ. ಪಾರದರ್ಶಕ ಹಿಡಿಯ ಆ ಸಣ್ಣ ಸ್ಕ್ರೂಡ್ರೈವರನ್ನು ಪ್ಲಗ್ಗಿನ ತೂತಿಗೆ ಇಟ್ಟು, ಹಿಂಬದಿಯ ಲೋಹದ ಗುಂಡಿಗೆ ಬೆರಳಿಟ್ಟರೆ ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತುತ್ತದೆ. ಬೆರಳು ತೆಗೆದರೆ ಆರುತ್ತದೆ. ಏಕೆಂದರೆ ಆ ದೀಪದ ಸರ್ಕ್ಯೂಟ್ ಪೂರ್ತಿಯಾಗುವುದೇ ಹಿಡಿದವರ ಮೈಯ ಮೂಲಕ. ಟೆಸ್ಟರ್ ಬಳಸಿದ ಪ್ರತಿಯೊಬ್ಬರ ಮೈಯಲ್ಲೂ ಕರೆಂಟ್ ಹರಿದಿದೆ. ತಿಳಿಯದೇ ಇರುವುದಕ್ಕೆ ಕಾರಣ ದೀಪದ ಜೊತೆ ಕೂರಿಸಿರುವ ಸಣ್ಣ ರೆಸಿಸ್ಟರ್. ಅದರ ತಡೆ ಹೆಚ್ಚುಕಡಿಮೆ ಹತ್ತು ಲಕ್ಷ ಓಮ್ ಇರುವುದರಿಂದ ಹರಿಯುವುದು ಕಾಲು ಮಿಲಿಆಂಪ್‌ಗೂ ಕಡಿಮೆ. ಆ ರೆಸಿಸ್ಟರ್ ಮಾಡುವ ಕೆಲಸವನ್ನು ದಿನನಿತ್ಯ ನಮಗಾಗಿ ಮಾಡುವುದು ಒಣ ಚರ್ಮ. ಒರಟಾಗಿ ಒಣಗಿದ ಅಂಗೈ ಮತ್ತು ಒಣ ಚಪ್ಪಲಿ ಸೇರಿ ಒಂದು ಲಕ್ಷ ಓಮ್ ತಡೆ ಒಡ್ಡಿದರೆ 230 ವೋಲ್ಟಿಗೆ ಹರಿಯುವುದು ಎರಡು ಮಿಲಿಆಂಪ್ ಚಿಲ್ಲರೆ. ಜುಮ್ಮೆಂದು ಕೈ ಹಿಂದಕ್ಕೆ ಬರುತ್ತದೆ. ಅದೇ ಕೈ ಒದ್ದೆಯಾಗಿ, ಬರಿಗಾಲು ಬಚ್ಚಲಿನ ನೆಲದ ಮೇಲಿದ್ದು ತಡೆ ಸಾವಿರ ಓಮ್‌ಗೆ ಇಳಿದರೆ ಹರಿಯುವುದು 230 ಮಿಲಿಆಂಪ್. ಬೆಳಿಗ್ಗೆ ಒಣಗಿದ ಕೈಯಿಂದ ಗೀಸರ್ ಮುಟ್ಟಿ ‘ಸ್ವಲ್ಪ ಶಾಕ್ ಹೊಡೀತಿದೆ’ ಎಂದ ಮನೆಯಲ್ಲೇ ಸಂಜೆ ಸ್ನಾನಕ್ಕಿಳಿದ ಮಗುವಿಗೆ ಏನಾಗಬಹುದು ಎಂಬ ಲೆಕ್ಕ ಇದು. ಗೀಸರ್ ಬದಲಾಗಿಲ್ಲ, ವೋಲ್ಟೇಜ್ ಬದಲಾಗಿಲ್ಲ. ಮುಟ್ಟಿದವರ ಚರ್ಮ ಮಾತ್ರ ಒದ್ದೆಯಾಗಿದೆ.

ಹೊತ್ತೂ ಇಲ್ಲಿ ಮುಖ್ಯ. ತೋಟದ ಸುತ್ತ ಹಾಕುವ ನಿಯಮಬದ್ಧ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆದರೂ ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅದರ ಯಂತ್ರ ವಿದ್ಯುತ್ತನ್ನು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು ಮಿಡಿದು, ಮುಂದಿನ ಮಿಡಿತಕ್ಕೆ ಮೊದಲು ಸುಮಾರು ಒಂದು ಸೆಕೆಂಡ್ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಪ್ರಾಣಿಯೂ ಮನುಷ್ಯನೂ ಹಿಂದೆ ಸರಿಯಬಹುದು. ಹಂದಿಯ ಕಾಟಕ್ಕೆಂದು ಮನೆಯ ಲೈನನ್ನೇ ಬೇಲಿಗೆ ನೇರ ಕೊಟ್ಟರೆ ವೋಲ್ಟ್ ಕಡಿಮೆ, ಆದರೆ ಬಿಡುವಿಲ್ಲ. ಕಾಡಂಚಿನ ಊರುಗಳಲ್ಲಿ ಆನೆಗಳೂ ಮನುಷ್ಯರೂ ಸಾಯುತ್ತಿರುವುದು ಇಂಥ ಬೇಲಿಗಳಿಗೆ. ಆದ್ದರಿಂದ ಶಾಕ್ ‘ಸಣ್ಣದು’ ಅಥವಾ ‘ದೊಡ್ಡದು’ ಎಂದು ತಂತಿಯನ್ನು ನೋಡಿ ಹೇಳಲಾಗದು. ಕೈ ಎಷ್ಟು ಒದ್ದೆ, ಕಾಲಡಿ ಏನಿದೆ, ಕರೆಂಟ್ ಎದೆಯ ಮೂಲಕ ಹಾಯಿತೇ, ಎಷ್ಟು ಹೊತ್ತು ಹಾಯಿತು ಎನ್ನುವುದೇ ನಿರ್ಣಾಯಕ. ಇವೆಲ್ಲವೂ ಸದಾ ಮುಟ್ಟುವವರ ಹಿಡಿತದಲ್ಲಿ ಇರುವುದಿಲ್ಲ.

ಈಗ ಕೇಳಬೇಕಾದ ಪ್ರಶ್ನೆ, ಗೀಸರಿನ ಅಥವಾ ವಾಷಿಂಗ್ ಮೆಷಿನ್ನಿನ ಹೊರಮೈಗೆ ಕರೆಂಟ್ ಬಂದದ್ದಾದರೂ ಹೇಗೆ? ಒಳಗೆ ಎಲ್ಲೋ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದೆ, ಇಲ್ಲವೇ ನೀರು ಕಾಯಿಸುವ ಕಾಯಿಲ್ ಸೀಳಿ ಒಳಗೆ ತೇವ ಹೋಗಿದೆ. ಇದು ಮೊದಲ ದೋಷ. ಇಂಥದ್ದು ಆಗಿಯೇ ಆಗುತ್ತದೆ ಎಂದು ಊಹಿಸಿಯೇ ಮೂರು ಪಿನ್ನಿನ ಪ್ಲಗ್ ಮಾಡಿದ್ದಾರೆ. ಅದರ ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಪ್ಲಗ್ ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಆ ಪಿನ್ನಿಂದ ಹೊರಟ ಹಸಿರು ತಂತಿ ಅಂಗಳದ ಅರ್ಥಿಂಗ್ ಗುಂಡಿಗೆ, ಇದ್ದಿಲು ಉಪ್ಪುಗಳ ನಡುವೆ ಹೂತ ಕೊಳವೆಗೆ ಸೇರಿ, ದಾರಿ ತಪ್ಪಿದ ಕರೆಂಟನ್ನು ನೆಲಕ್ಕಿಳಿಸಬೇಕು. ಹಾಗಾಗಿ ಲೋಹದ ಹೊರಮೈ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆ ಎರಡು ಸಂಗತಿ ಹೇಳುತ್ತಿದೆ. ಒಂದು, ಒಳಗಿನ ಹೊದಿಕೆ ಸೋತಿದೆ. ಎರಡು, ಅದು ಸೋತಾಗ ಕಾಯಬೇಕಿದ್ದ ಅರ್ಥಿಂಗೂ ಸೋತಿದೆ. ಎರಡು ಬೀಗ ಹಾಕಿದ ಬಾಗಿಲಿನ ಎರಡೂ ಬೀಗ ಮುರಿದಿವೆ ಎಂಬ ಸುದ್ದಿ ಅದು. ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳಾಡಿಸಿದರೆ ಆಗುವ ಕಂಪನ ಅಪಾಯವಲ್ಲ ಎನ್ನುವವರಿದ್ದಾರೆ. ನಿಜ, ಚಾರ್ಜರ್ ಒಳಗಿನ ಫಿಲ್ಟರ್ ಮೂಲಕ ಸೋರುವ ಆ ಕರೆಂಟ್ ತೀರಾ ಕಡಿಮೆ. ಆದರೆ ಮೂರು ಪಿನ್ನಿನ ಚಾರ್ಜರ್ ಹಾಗೆ ಮಾಡಿದರೆ ಆ ಪ್ಲಗ್ಗಿಗೆ ಅರ್ಥ್ ಬಂದಿಲ್ಲ ಎಂಬ ಸುಳಿವು ಅದರಲ್ಲಿದೆ. ನಾಳೆ ಅದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆಯನ್ನೋ ನೀರು ಕಾಯಿಸುವ ಕಾಯಿಲನ್ನೋ ಹಾಕುವವರು ಇದ್ದೇ ಇರುತ್ತಾರೆ.

ಈ ವಾದಕ್ಕೆ ಸಾಮಾನ್ಯವಾಗಿ ಬರುವ ಮೊದಲ ಆಕ್ಷೇಪ ಅನುಭವಿಗಳದ್ದು. ಇಪ್ಪತ್ತು ಸಲ ಹೊಡೆಸಿಕೊಂಡಿದ್ದೇನೆ, ಏನೂ ಆಗಿಲ್ಲ, ಮೈಗೆ ರೂಢಿಯಾಗಿದೆ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕದೆ ತೂಗಿ ನೋಡೋಣ. ದಿನವೂ ಒರಟು ಕೆಲಸ ಮಾಡಿದ ಅಂಗೈಯ ಚರ್ಮ ದಪ್ಪವಾಗಿ ತಡೆ ಸ್ವಲ್ಪ ಹೆಚ್ಚಿರುವುದು ಸಾಧ್ಯ. ಆದರೆ ಹೃದಯಕ್ಕೆ ಕರೆಂಟಿನ ರೂಢಿ ಎಂಬುದಿಲ್ಲ. ಇಪ್ಪತ್ತೊಂದನೆಯ ಸಲ ಅಂಗೈ ಬೆವರಿದ್ದರೆ ಹಿಂದಿನ ಇಪ್ಪತ್ತರ ಲೆಕ್ಕ ಜಮೆಯಾಗುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಸಾಕ್ಷಿಯಲ್ಲೇ ಇದೆ. ಏನೂ ಆಗಲಿಲ್ಲ ಎನ್ನಲು ಬದುಕಿ ಉಳಿದವರು ಮಾತ್ರ ಬರುತ್ತಾರೆ. ಅದೇ ತಂತಿ ಮುಟ್ಟಿ ಹೋದವರ ಸಾಕ್ಷ್ಯ ಯಾವ ಹರಟೆಯಲ್ಲೂ ಸೇರುವುದಿಲ್ಲ. ಅದು ಸೇರುವುದು ಅಂಕಿ ಅಂಶದಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಪಘಾತ ವರದಿಗಳಲ್ಲಿ ವಿದ್ಯುತ್ ತಗುಲಿ ಸತ್ತವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 12,000 ಮೀರಿದೆ. ದಿನಕ್ಕೆ 30ಕ್ಕೂ ಹೆಚ್ಚು ಜನ. ಇವರೆಲ್ಲರೂ ಹೈಟೆನ್ಷನ್ ಕಂಬ ಹತ್ತಿದವರಲ್ಲ. ಪಂಪು, ಕೂಲರ್, ಬಟ್ಟೆಯ ತಂತಿ ಮುಟ್ಟಿದವರು ಇವರಲ್ಲಿ ಇದ್ದಾರೆ.

ಎರಡನೆಯ ಆಕ್ಷೇಪ, ‘ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತದೆ’ ಎನ್ನುವುದು. ಓದಿದವರೂ ಹೀಗೇ ನಂಬಿರುವುದರಿಂದ ಇದನ್ನು ಬಿಡಿಸಿ ಹೇಳಬೇಕು. ಎಂಸಿಬಿ ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಅದರ ಮೇಲೆ 16 ಎಂದು ಬರೆದಿದ್ದರೆ 16 ಆಂಪ್, ಅಂದರೆ 16,000 ಮಿಲಿಆಂಪ್‌ವರೆಗೆ ಅದು ಕದಲುವುದಿಲ್ಲ. ಕೈ ಬಿಡಲಾಗದಂತೆ ಮಾಡುವ ಕರೆಂಟ್ ಅದರ ಸಾವಿರದ ಒಂದು ಭಾಗ. ಗಟ್ಟಿ ಅರ್ಥಿಂಗ್ ಇದ್ದರೆ ಬೀಳುತ್ತದಲ್ಲ ಎಂದರೆ ಅದೂ ಖಾತ್ರಿಯಿಲ್ಲ. ಬೇಸಿಗೆಯಲ್ಲಿ ನೀರು ಕಾಣದ ಅರ್ಥಿಂಗ್ ಗುಂಡಿಯ ತಡೆ 25 ಓಮ್ ಆಯಿತೆನ್ನಿ, 230 ವೋಲ್ಟಿಗೆ ಅದರ ಮೂಲಕ ಇಳಿಯುವುದು ಒಂಬತ್ತು ಆಂಪ್. 16 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಗೀಸರಿನ ಮೈ ಮೇಲೆ ಕರೆಂಟ್ ಹಾಗೇ ಉಳಿಯುತ್ತದೆ. ಮನುಷ್ಯನನ್ನು ಕಾಯಲು ಬೇಕಾದದ್ದು ಆರ್‌ಸಿಸಿಬಿ. ಹಳಬರ ಬಾಯಲ್ಲಿ ಇದು ಇಎಲ್‌ಸಿಬಿ. ಇದರೊಳಗೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಒಂದೇ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಕರೆಂಟ್ ಹಿಂತಿರುಗಿದರೆ ಸರಿ. ಹೋದದ್ದರಲ್ಲಿ 30 ಮಿಲಿಆಂಪ್ ಹಿಂತಿರುಗದಿದ್ದರೆ, ಅಂದರೆ ಯಾರದೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದ್ದರೆ, ಅದು ಹೆಚ್ಚೆಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಸೋರಿಕೆ ಜೋರಾಗಿದ್ದರೆ ಇನ್ನೂ ಬೇಗ. ಆರ್‌ಸಿಸಿಬಿ ಇದ್ದ ಮನೆಯಲ್ಲೂ ಕರೆಂಟ್ ಹೊಡೆಯಬಹುದು, ಆದರೆ ಹಿಡಿದು ನಿಲ್ಲಲು ಅದಕ್ಕೆ ಹೊತ್ತು ಸಿಗುವುದಿಲ್ಲ. ನಮ್ಮ ಎರಡು ಕ್ರಿಯಾಪದಗಳ ನಡುವೆ ಈ ಪುಟ್ಟ ಪೆಟ್ಟಿಗೆ ಕಾವಲು ನಿಲ್ಲುತ್ತದೆ.

ಮೂರನೆಯ ಆಕ್ಷೇಪ ಇದನ್ನು ಹಾಕಿಸಿ ಬೇಸತ್ತವರದ್ದು. ಮಳೆ ಬಂದರೆ ಬೀಳುತ್ತದೆ, ಗೀಸರ್ ಹಾಕಿದರೆ ಬೀಳುತ್ತದೆ, ಕೊನೆಗೆ ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ಕೊಟ್ಟ ಎನ್ನುತ್ತಾರೆ. ಅವರ ಬೇಸರ ಅರ್ಥವಾಗುವಂಥದ್ದು. ಕತ್ತಲಲ್ಲಿ ಕೂತು ಯಾರಿಗೂ ಸುರಕ್ಷತೆಯ ಪಾಠ ಬೇಕಾಗಿರುವುದಿಲ್ಲ. ಆದರೆ ಗೀಸರ್ ಹಾಕಿದಾಗೆಲ್ಲ ಬೀಳುತ್ತಿದೆ ಎಂದರೆ ಗೀಸರಿನಲ್ಲಿ ಸೋರಿಕೆ ಇದೆ ಎಂದೇ ಹೆಚ್ಚಿನ ಸಲ ಅರ್ಥ. ಮಳೆ ಬಂದಾಗ ಬೀಳುತ್ತಿದ್ದರೆ ಹೊರಗಿನ ಯಾವುದೋ ಜಾಯಿಂಟಿಗೆ ನೀರು ಸೇರುತ್ತಿದೆ. ಬೈಪಾಸ್ ಮಾಡುವುದೆಂದರೆ ದೂರು ಹೇಳುವವರ ಬಾಯಿ ಮುಚ್ಚಿಸಿದ ಹಾಗೆ. ಎಲ್ಲ ಎಂಸಿಬಿಗಳನ್ನು ಇಳಿಸಿ, ಒಂದೊಂದಾಗಿ ಏರಿಸುತ್ತಾ ಬಂದರೆ ಯಾವ ಲೈನಿನಲ್ಲಿ ದೋಷವಿದೆ ಎಂದು ಅಲ್ಲೇ ತಿಳಿಯುತ್ತದೆ. ಖರ್ಚಿನ ಮಾತೆತ್ತುವವರಿಗೆ ಹೇಳಬೇಕಾದದ್ದು, ಸಾಧಾರಣ ಮನೆಗೆ ಸಾಲುವ ಆರ್‌ಸಿಸಿಬಿಯ ಬೆಲೆ ಒಂದು ಒಳ್ಳೆಯ ಮಿಕ್ಸಿಯ ಬೆಲೆಯನ್ನು ಮೀರುವುದಿಲ್ಲ. ಇದಕ್ಕೆ ಮಿತಿಗಳಿವೆ ಎನ್ನುವುದನ್ನೂ ಒಪ್ಪಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ಉಳಿಸದು, ಏಕೆಂದರೆ ಹೋದ ಕರೆಂಟೆಲ್ಲ ಹಿಂತಿರುಗುತ್ತಿರುತ್ತದೆ. ಒಳಗಿನ ಯಂತ್ರ ಜಾಮ್ ಆಗಿಯೂ ಕೂರಬಹುದು. ಅದಕ್ಕೆಂದೇ ಮೇಲೆ ಟಿ ಅಕ್ಷರದ ಗುಂಡಿ ಇಟ್ಟಿದ್ದಾರೆ. ಕೆಲವು ತಿಂಗಳಿಗೊಮ್ಮೆ ಅದನ್ನು ಒತ್ತಬೇಕು, ಒತ್ತಿದ ತಕ್ಷಣ ಲೈನ್ ಹೋಗಬೇಕು. ಹೋಗದಿದ್ದರೆ ಆ ಪೆಟ್ಟಿಗೆ ಗೋಡೆಯ ಅಲಂಕಾರ ಮಾತ್ರ. ಅರ್ಥ್ ಇಲ್ಲದ ಕಡೆ ಅದನ್ನು ನ್ಯೂಟ್ರಲ್‌ಗೆ ಸೇರಿಸಿ ಕೊಡುವ ಅಡ್ಡದಾರಿಯನ್ನಂತೂ ಯಾರೂ ಒಪ್ಪಬಾರದು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮನೆಯ ಲೋಹದ ಸಾಮಾನುಗಳ ಮೈಮೇಲೆಲ್ಲ 230 ವೋಲ್ಟ್ ಬಂದು ಕೂರುತ್ತದೆ.

ಹಳ್ಳಿಯ ಕಡೆ ನೋಡಿದರೆ ಇನ್ನೊಂದು ಆಕ್ಷೇಪ ಎದುರಾಗುತ್ತದೆ, ಅದು ನ್ಯಾಯವಾದದ್ದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರೈತ ರಾತ್ರಿಯೇ ಗದ್ದೆಗೆ ಹೋಗಬೇಕು. ಕತ್ತಲು, ಕೆಸರು, ಬರಿಗಾಲು, ತುಕ್ಕು ಹಿಡಿದ ತಗಡಿನ ಸ್ಟಾರ್ಟರ್ ಡಬ್ಬಿ, ಜೋತುಬಿದ್ದ ಸರ್ವಿಸ್ ವೈರ್. ಅವನಿಗೆ ಚಪ್ಪಲಿ ಹಾಕಿಕೋ, ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ಬುದ್ಧಿ ಹೇಳಿ ಕೈ ತೊಳೆದುಕೊಳ್ಳುವುದು ಸರಿಯೇ? ಖಂಡಿತ ಅಲ್ಲ. ಅಪಾಯದ ಎಲ್ಲ ಷರತ್ತುಗಳನ್ನೂ ಒಂದೇ ಕಡೆ ಕೂಡಿಸಿಟ್ಟು, ಜೀವ ಉಳಿಸಿಕೊಳ್ಳುವ ಹೊಣೆಯನ್ನು ಒಬ್ಬನ ಎಚ್ಚರದ ಮೇಲೆ ಹೊರಿಸಲಾಗದು. ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್, ಕಂಬದ ತಂತಿ, ಮೀಟರಿನವರೆಗಿನ ಲೈನ್ ಸರಬರಾಜು ಕಂಪನಿಯ ಹೊಣೆ. ಆದರೆ ಆ ಹೊಣೆಯನ್ನು ಕೇಳಲಿಕ್ಕೂ ಸಣ್ಣ ಶಾಕನ್ನು ದೊಡ್ಡದಾಗಿ ಪರಿಗಣಿಸಲೇಬೇಕು. ಕಂಬದ ಬಳಿಯ ಸ್ಟೇ ವೈರಿನಲ್ಲಿ ಎಮ್ಮೆಗೆ ಶಾಕ್ ಹೊಡೆಯಿತು ಎಂದ ದಿನವೇ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆದರೆ ಅದು ದಾಖಲೆ. ಎಮ್ಮೆಯನ್ನು ಬೇರೆ ಕಡೆ ಕಟ್ಟಿ ಸುಮ್ಮನಾದರೆ ಮುಂದಿನ ಸರದಿ ಮನುಷ್ಯರದ್ದು. ಸ್ಟಾರ್ಟರ್ ಡಬ್ಬಿಗೆ ಅರ್ಥ್ ಕೊಡಿಸುವುದು, ಬಟ್ಟೆ ಹಾಕಲು ಕಂಬಿಯ ಬದಲು ನೈಲಾನ್ ಹಗ್ಗ ಕಟ್ಟುವುದು, ಇವೆರಡಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ.

ಇಷ್ಟೆಲ್ಲ ಎಚ್ಚರದ ಮೇಲೂ ಯಾರನ್ನಾದರೂ ಕರೆಂಟ್ ಹಿಡಿದರೆ ಏನು ಮಾಡಬೇಕು ಎನ್ನುವುದು ಪ್ರತಿ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಬೇಕು. ಓಡಿಹೋಗಿ ಅಪ್ಪಿ ಎಳೆಯುವುದು ಪ್ರೀತಿಯ ಸಹಜ ಪ್ರತಿಕ್ರಿಯೆ. ಒಬ್ಬರನ್ನು ಬಿಡಿಸಲು ಹೋಗಿ ಮನೆಮಂದಿ ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೆಯೇ. ಮೊದಲು ಮೇನ್ ಆಫ್ ಮಾಡಬೇಕು. ಅದು ಆಗದಿದ್ದರೆ ಮಾತ್ರ, ಮನೆಯ ಲೈನಾಗಿದ್ದರೆ ಮಾತ್ರ, ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. ಕಂಬದಿಂದ ಕಡಿದುಬಿದ್ದ ತಂತಿಯ ಹತ್ತಿರಕ್ಕೂ ಹೋಗಬಾರದು. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ನೀರು ಚಿಮುಕಿಸುತ್ತಾ ಅಂಗಾಲು ಉಜ್ಜುತ್ತಾ ಕೂರುವ ಸಮಯವಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎರಡು ಇಂಚು ಇಳಿಯುವಂತೆ ಒತ್ತುತ್ತಲೇ ಇರಬೇಕು. ಬರೀ ಅದುರುತ್ತಿರುವ ಹೃದಯದ ಬದಲಿಗೆ ರಕ್ತ ಒತ್ತುವ ಕೆಲಸವನ್ನು ಆ ಎರಡು ಕೈಗಳು ಮಾಡುತ್ತವೆ. ಎಚ್ಚರ ತಪ್ಪಿದ್ದರೆ, ಎದೆ ನೋವು, ಸುಟ್ಟ ಗಾಯ ಇದ್ದರೆ, ಶಾಕ್ ತಗುಲಿದವರು ಬಸುರಿಯಾಗಿದ್ದರೆ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಚರ್ಮದ ಮೇಲೆ ಕಾಳಿನಷ್ಟು ಸುಟ್ಟಿದ್ದರೂ ಒಳಗಿನ ಸ್ನಾಯು ಹೆಚ್ಚು ಬೆಂದಿರಬಹುದು.

ಫ್ರಾಂಕ್ಲಿನ್ ತನಗೆ ಬಿದ್ದ ಏಟನ್ನು ಬರೆದಿಟ್ಟದ್ದರಿಂದ, ಡಾಲ್ಜಿಯಲ್‌ಗೆ ಕೈ ಕೊಟ್ಟವರು ಎಷ್ಟರಲ್ಲಿ ಕೈ ಬಿಡಲಾಗಲಿಲ್ಲವೆಂದು ಹೇಳಿದ್ದರಿಂದ ಶಾಕ್ ಎನ್ನುವುದು ಭಯದ ಕಥೆಯಾಗಿ ಉಳಿಯದೆ ತಿಳಿವಳಿಕೆಯಾಯಿತು. ಆ ಪ್ರಯೋಗಗಳ ಬೆನ್ನಿಗೇ ಡಾಲ್ಜಿಯಲ್ 1961ರಲ್ಲಿ ಸೋರಿಕೆ ಕಂಡೊಡನೆ ಲೈನ್ ಕಡಿಯುವ ಸಾಧನವೊಂದನ್ನು ರೂಪಿಸಿದರು. ನಮ್ಮ ಮನೆಗಳಲ್ಲೂ ದಿನವೂ ಯಾರಿಗೋ ಜುಮ್ಮೆನ್ನುತ್ತದೆ, ಆ ಅನುಭವ ಮಾತ್ರ ನಗುವಿನಲ್ಲಿ ಕರಗಿಹೋಗುತ್ತದೆ. ಮನೆಕೆಲಸದ ಹೆಂಗಸು ಬಂದು ‘ಅಕ್ಕಾ, ಮೆಷಿನ್ ಮುಟ್ಟಿದ್ರೆ ಕೈ ಜುಮ್ ಅಂತೈತೆ’ ಎಂದರೆ ‘ಚಪ್ಪಲಿ ಹಾಕ್ಕೊಂಡು ಮುಟ್ಟು’ ಎಂಬ ಉತ್ತರ ಸಿಗುತ್ತದೆ. ಅವಳು ಹೇಳಿದ್ದು ಎರಡು ಬೀಗ ಮುರಿದಿವೆ ಎಂದು. ಸಿಕ್ಕ ಉತ್ತರ, ಮೂರನೆಯ ಬೀಗವಾಗಿ ನೀನೇ ನಿಲ್ಲು ಎಂದು. ಅವಳ ಕೈ ದಿನವೆಲ್ಲ ಒದ್ದೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಪ್ಲಗ್ ಕಿತ್ತಿಟ್ಟು, ಎಲೆಕ್ಟ್ರಿಷಿಯನ್ ಬಂದು ಅರ್ಥ್ ನೋಡುವವರೆಗೆ ಬಟ್ಟೆಯನ್ನು ಕಲ್ಲಿನ ಮೇಲೆ ಒಗೆದರೂ ನಷ್ಟವಿಲ್ಲ.